ಯಂತ್ರಾಂಶ ಹೊಂದಾಣಿಕೆಯ ಪಟ್ಟಿಗಳು ಮತ್ತು ಪಾಠಶುದ್ಧಿ: ‘ಸೇನ್’ ಯೋಜನೆಯ ದಾಖಲೆಗಳ ಒಂದು ಅಧ್ಯಯನ

೧

ಮೈಸೂರು ನಗರಕ್ಕೆ ಅರಮನೆ, ದಸರೆಗಳಿಂದ ಬಂದ ಖ್ಯಾತಿಯಂತೆಯೇ ಹಸ್ತಪ್ರತಿಗಳಿಂದ ಬಂದ ಖ್ಯಾತಿಯೂ ಇದೆ. ೧೮೯೧ರಲ್ಲಿ ಸ್ಥಾಪಿತವಾದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಸಂಗ್ರಹಕ್ಕೆ ಬಂದ ಗ್ರಂಥಲಿಪಿಯ ಓಲೆಪ್ರತಿಯೊಂದರಿಂದಲೇ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಪ್ರಕಟಿಸಿದರು. ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆಯಲ್ಲಿಯೂ ಕನ್ನಡ ಓಲೆಗರಿ ಮತ್ತು ಕಾಗದದ ಪ್ರತಿಗಳ ದೊಡ್ಡ ಭಂಡಾರವಿದೆ. ಇಂತಹ ಸಾಮಗ್ರಿಯನ್ನೂ ಅದರ ಸುತ್ತ ಬೆಳೆದ ಸೂಚಿಗಳು, ನಕಲುಪ್ರತಿಗಳು, ಹಳೆಯ ಮುದ್ರಿತ ಗ್ರಂಥಗಳನ್ನೂ ಗಣಕಕ್ಕೆ ಏರಿಸುವ ಕಾರ್ಯವು ಇಂದು ಕನ್ನಡ ಅಧ್ಯಯನದ ಒಂದು ಅಂಗವೇ ಆಗಿದೆ.

ಈ ಕಾರ್ಯದಲ್ಲಿ ತೊಡಗುವ ವಿಭಾಗವಾಗಲಿ ಒಬ್ಬ ಸಂಶೋಧಕನಾಗಲಿ ಮೊದಲು ಎದುರಿಸುವ ಪ್ರಶ್ನೆ ಸಾಹಿತ್ಯಕವಾದುದಲ್ಲ. ಕೊಳ್ಳಬೇಕೆಂದಿರುವ ಸ್ಕ್ಯಾನರ್, ಬಳಸುತ್ತಿರುವ ಗಣಕದೊಡನೆ ಹೊಂದಿಕೊಳ್ಳುವುದೇ ಎಂಬುದೇ ಆ ಪ್ರಶ್ನೆ. ಮುಕ್ತ ತಂತ್ರಾಂಶವನ್ನು ಆಶ್ರಯಿಸಿದವರಿಗೆ ಇದು ಇನ್ನಷ್ಟು ತೀವ್ರವಾದುದು. ಏಕೆಂದರೆ ತಯಾರಕರು ಕೊಡುವ ಚಾಲಕ ತಂತ್ರಾಂಶ ಬಹುಮಟ್ಟಿಗೆ ವಿಂಡೋಸ್‌ಗಾಗಿ ಸಿದ್ಧವಾದುದು. ಲಿನಕ್ಸ್ ಬಳಕೆದಾರನಿಗೆ ಇರುವ ಆಧಾರವೆಂದರೆ ಸ್ವಯಂಸೇವಕರು ರೂಪಿಸಿದ ಹೊಂದಾಣಿಕೆಯ ಪಟ್ಟಿ. ಆ ಪಟ್ಟಿಯಲ್ಲಿ ಒಂದು ಸಾಲು ತಪ್ಪಾಗಿದ್ದರೆ ಮಂಜೂರಾದ ಹಣ ಕೆಲಸಕ್ಕೆ ಬಾರದ ಯಂತ್ರಕ್ಕೆ ಹೋಗುತ್ತದೆ. ಅದಕ್ಕಿಂತ ಹೆಚ್ಚಿನ ನಷ್ಟ ಇನ್ನೊಂದಿದೆ. ಅಂಚು ಮುರಿಯುವ ಸ್ಥಿತಿಯಲ್ಲಿರುವ ಓಲೆಯನ್ನು ಗಾಜಿನ ಮೇಲೆ ಒಮ್ಮೆ ಇಡುವುದೇ ಅಪಾಯ. ಯಂತ್ರ ಅರ್ಧದಲ್ಲಿ ನಿಂತು, ಮತ್ತೊಂದು ಯಂತ್ರ ತಂದು, ಮತ್ತೆ ಅದೇ ಓಲೆಯನ್ನು ಎತ್ತಿ ಇಡಬೇಕಾದರೆ ಹಾನಿ ಇಮ್ಮಡಿಯಾಗುತ್ತದೆ.

ಹೊಂದಾಣಿಕೆಯ ಪಟ್ಟಿಯನ್ನು ತಂತ್ರಜ್ಞರ ವಿಷಯವೆಂದು ಬದಿಗಿಡುವುದು ವಾಡಿಕೆ. ಆದರೆ ಅದರ ಸ್ವರೂಪವನ್ನು ಗಮನಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. ಒಂದೇ ಮಾಹಿತಿ ಹಲವು ಕಡೆ ಬರೆಯಲ್ಪಟ್ಟಿರುತ್ತದೆ. ಬೇರೆ ಬೇರೆ ಕೈಗಳು ಬೇರೆ ಬೇರೆ ಕಾಲದಲ್ಲಿ ಅದನ್ನು ತಿದ್ದಿರುತ್ತವೆ. ಒಂದು ಪ್ರತಿಯಲ್ಲಿ ಸೇರಿದ ತಿದ್ದುಪಡಿ ಮತ್ತೊಂದಕ್ಕೆ ತಲುಪಿರುವುದಿಲ್ಲ. ಇದು ಕನ್ನಡ ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಚಿರಪರಿಚಿತವಾದ ಸನ್ನಿವೇಶ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದವರಿಗೆ ಪಾಠಾಂತರಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಹೊಸದಾಗಿ ಹೇಳಬೇಕಾಗಿಲ್ಲ. ಆದ್ದರಿಂದ ಈ ಪಟ್ಟಿಗಳನ್ನು ಒಂದು ‘ಪಠ್ಯ’ವೆಂದು ಗ್ರಹಿಸಿ, ಅವುಗಳ ಸುಸಂಗತತೆ ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಸೂಕ್ತ. ‘ಸೇನ್’ ಯೋಜನೆ ಇದಕ್ಕೆ ಒಳ್ಳೆಯ ನಿದರ್ಶನ. ಯೋಜನೆ ಮೈಸೂರಿನದಲ್ಲ, ಅದು ದೇಶವಿದೇಶಗಳ ಸ್ವಯಂಸೇವಕರದು. ಆದರೆ ಲಿನಕ್ಸ್ ಗಣಕದಲ್ಲಿ ಸ್ಕ್ಯಾನರ್ ಬಳಸುವವರು ಮೈಸೂರಿನಲ್ಲಿದ್ದರೂ ಬರ್ಲಿನ್ನಿನಲ್ಲಿದ್ದರೂ ಸಾಮಾನ್ಯವಾಗಿ ಇದರ ಮೂಲಕವೇ ಹಾಯಬೇಕು.

೨

‘ಸೇನ್’ ಎಂಬುದು ‘ಸ್ಕ್ಯಾನರ್ ಆಕ್ಸೆಸ್ ನೌ ಈಸಿ’ ಎಂಬುದರ ಹ್ರಸ್ವರೂಪ. ೧೯೯೦ರ ದಶಕದ ಉತ್ತರಾರ್ಧದಲ್ಲಿ ಆರಂಭವಾದ ಈ ಯೋಜನೆಯ ರಚನೆಯಲ್ಲಿ ಎರಡು ಭಾಗಗಳಿವೆ. ಬಳಕೆದಾರನು ಕಾಣುವ ಮುಂಬದಿಯ ತಂತ್ರಾಂಶ ಒಂದು; ಯಂತ್ರದೊಡನೆ ನೇರವಾಗಿ ಮಾತನಾಡುವ ಹಿಂಬದಿ ಘಟಕಗಳು ಇನ್ನೊಂದು. ಪ್ರತಿಯೊಂದು ಹಿಂಬದಿ ಘಟಕವೂ ಒಂದು ಕುಟುಂಬದ ಯಂತ್ರಗಳನ್ನು ನೋಡಿಕೊಳ್ಳುತ್ತದೆ. ‘ಪ್ಲಸ್ಟೆಕ್’, ‘ಜೆನೆಸಿಸ್’ ಮೊದಲಾದವು ಇಂತಹ ಘಟಕಗಳು. ಇಲ್ಲಿ ಕುಟುಂಬವೆಂದರೆ ಒಂದೇ ತಯಾರಕರ ಯಂತ್ರಗಳೆಂದಲ್ಲ. ಒಳಗಿರುವ ಚಿಪ್ ಒಂದೇ ಬಗೆಯದಾದರೆ ಬೇರೆ ಬೇರೆ ಹೆಸರಿನ ಯಂತ್ರಗಳೂ ಒಂದೇ ಮನೆಯವು.

ಜೆನೆಸಿಸ್ ಘಟಕವನ್ನೇ ತೆಗೆದುಕೊಂಡರೆ, ‘ಈ ಯಂತ್ರಕ್ಕೆ ಬೆಂಬಲವಿದೆ’ ಎಂಬ ಒಂದೇ ಸಂಗತಿ ನಾಲ್ಕು ಕಡೆ ದಾಖಲಾಗಿರುವುದು ಕಂಡುಬರುತ್ತದೆ. ಮೊದಲನೆಯದು ತಂತ್ರಾಂಶದ ಮೂಲಸಂಕೇತದೊಳಗಿನ ಕೋಷ್ಟಕ; ನಿಜವಾಗಿ ಯಂತ್ರವನ್ನು ನಡೆಸುವುದು ಇದು. ಎರಡನೆಯದು ವಿನ್ಯಾಸ ಕಡತ. ಯಾವ ಗುರುತುಸಂಖ್ಯೆಯ ಯಂತ್ರಗಳನ್ನು ಹುಡುಕಬೇಕೆಂದು ಘಟಕಕ್ಕೆ ತಿಳಿಸುವುದು ಇದರ ಕೆಲಸ. ಮೂರನೆಯದು ಕೈಪಿಡಿಯ ಪುಟ. ನಾಲ್ಕನೆಯದು ‘ಡೆಸ್ಕ್’ ಎಂದು ಕರೆಯಲಾಗುವ ವಿವರಣಾ ಕಡತ. ತಯಾರಕರ ಹೆಸರು, ಮಾದರಿಯ ಹೆಸರು, ಸಂಪರ್ಕದ ಬಗೆ, ಗುರುತುಸಂಖ್ಯೆ, ಬೆಂಬಲದ ಮಟ್ಟ, ಟಿಪ್ಪಣಿ ಇಷ್ಟನ್ನೂ ಅದು ನಿಯತ ಕ್ರಮದಲ್ಲಿ ಹೇಳುತ್ತದೆ. ಹೊಸ ಯಂತ್ರವೊಂದಕ್ಕೆ ಬೆಂಬಲ ಸೇರಿಸುವವನು ನಾಲ್ಕನ್ನೂ ತಿದ್ದಬೇಕು. ಉತ್ಸಾಹಿಯಾದ ತಂತ್ರಜ್ಞನು ಮೊದಲನೆಯದನ್ನು ತಪ್ಪದೆ ತಿದ್ದುತ್ತಾನೆ, ಏಕೆಂದರೆ ಅದಿಲ್ಲದೆ ಅವನ ಯಂತ್ರ ನಡೆಯದು. ಉಳಿದವು ಮರೆತುಹೋಗುವುದು ಮನುಷ್ಯಸಹಜ. ಲಿಪಿಕಾರನು ಮೂಲಪದ್ಯವನ್ನು ಎಚ್ಚರದಿಂದ ಬರೆದು ಟೀಕೆಯನ್ನು ಅವಸರದಲ್ಲಿ ಮುಗಿಸುವುದಕ್ಕೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಇದಕ್ಕೆ ಸೇನ್ ಕಂಡುಕೊಂಡ ಪರಿಹಾರ ಗಮನಾರ್ಹವಾದುದು. ಓದುಗರಿಗಾಗಿ ಸಿದ್ಧಪಡಿಸುವ ಪಟ್ಟಿಗಳನ್ನು ಯಾರೂ ಕೈಯಿಂದ ಬರೆಯುವುದಿಲ್ಲ. ‘ಸೇನ್-ಡೆಸ್ಕ್’ ಎಂಬ ಸಣ್ಣ ತಂತ್ರಾಂಶವು ಎಲ್ಲ ಡೆಸ್ಕ್ ಕಡತಗಳನ್ನೂ ಓದಿ, ತಯಾರಕರ ಅನುಕ್ರಮದಲ್ಲಿ ಒಂದು ಪಟ್ಟಿಯನ್ನೂ ಹಿಂಬದಿ ಘಟಕಗಳ ಅನುಕ್ರಮದಲ್ಲಿ ಮತ್ತೊಂದನ್ನೂ ತಾನೇ ಹೊರಡಿಸುತ್ತದೆ. ಕಡತದಲ್ಲಿ ಅಪರಿಚಿತ ಪದ ಬಳಕೆಯಾಗಿದ್ದರೆ ಯಾವ ಸಾಲಿನಲ್ಲಿ ಎಂದು ಎತ್ತಿ ತೋರಿಸುತ್ತದೆ. ಹೀಗಾಗಿ ಎರಡು ಪಟ್ಟಿಗಳ ನಡುವೆ ಪಾಠಭೇದ ಹುಟ್ಟಲು ಅವಕಾಶವೇ ಇಲ್ಲ. ಎರಡೂ ಒಂದೇ ತಾಯಿಯ ಮಕ್ಕಳು. ಮೂಲದಲ್ಲಿ ತಪ್ಪಿದ್ದರೆ ಎರಡರಲ್ಲಿಯೂ ಅದೇ ತಪ್ಪಿರುತ್ತದೆ ಎಂಬುದು ನಿಜ; ಆದರೆ ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತಾಗುತ್ತದೆ. ಸಂಪಾದಕನಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಇರಲಾರದು.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಅದೇ ಸೇನ್-ಡೆಸ್ಕ್, ಅದೇ ಕಡತಗಳಿಂದ, ಗಣಕದ ಕಾರ್ಯವ್ಯವಸ್ಥೆಗೆ ಬೇಕಾದ ನಿಯಮಗಳ ಕಡತವನ್ನೂ ಹುಟ್ಟಿಸುತ್ತದೆ. ಯಂತ್ರವನ್ನು ಜೋಡಿಸಿದಾಗ ಅದು ಸ್ಕ್ಯಾನರ್ ಎಂದು ಗುರುತಿಸಿ ಸಾಮಾನ್ಯ ಬಳಕೆದಾರನಿಗೆ ಅನುಮತಿ ಕೊಡುವುದು ಈ ನಿಯಮಗಳೇ. ಡೆಸ್ಕ್ ಕಡತದಲ್ಲಿ ಗುರುತುಸಂಖ್ಯೆ ಬಿಟ್ಟುಹೋದರೆ ಓದುಗನಿಗೆ ಮಾಹಿತಿ ತಪ್ಪುವುದಷ್ಟೇ ಅಲ್ಲ. ಬೆಂಬಲವಿರುವ ಯಂತ್ರವೂ ಗಣಕದ ಮೇಲ್ವಿಚಾರಕನಿಗೆ ಮಾತ್ರ ತೆರೆದು ಉಳಿದವರಿಗೆ ಮುಚ್ಚಿಕೊಳ್ಳಬಹುದು. ದಾಖಲೆಯೇ ಇಲ್ಲಿ ಬೀಗದ ಕೈ. ಬಹುಪಾಲು ತಂತ್ರಾಂಶ ಯೋಜನೆಗಳಲ್ಲಿ ದಾಖಲೆಗೆ ದೊರೆಯದ ಎಚ್ಚರ ಇಲ್ಲಿ ದೊರೆತಿರುವುದಕ್ಕೆ ಇದೂ ಒಂದು ಕಾರಣವಾಗಿರಬೇಕು: ತಪ್ಪು ಬರೆದವನಿಗೆ ಅದರ ಪರಿಣಾಮ ಕೂಡಲೇ ತಿಳಿಯುತ್ತದೆ.

ಆದರೂ ವ್ಯವಸ್ಥೆ ಪರಿಪೂರ್ಣವಲ್ಲ. ಮೂಲಸಂಕೇತದ ಕೋಷ್ಟಕ, ವಿನ್ಯಾಸ ಕಡತ, ಕೈಪಿಡಿಯ ಪುಟ ಇವು ಇಂದಿಗೂ ಕೈಬರಹದ ಪ್ರತಿಗಳೇ. ಇವು ಡೆಸ್ಕ್ ಕಡತದೊಡನೆ ಹೊಂದುತ್ತಿವೆಯೇ ಎಂಬುದನ್ನು ಯಾರಾದರೂ ಕುಳಿತು ಹೋಲಿಸಿಯೇ ನೋಡಬೇಕು. ಇದೇ ಬಗೆಯ ಸಮಸ್ಯೆಯನ್ನು ಕೀಲಿಮಣೆಗಳ ವಿಷಯದಲ್ಲಿ ಎದುರಿಸುವ ‘ಎಕ್ಸ್‌ಕೀಬೋರ್ಡ್-ಕಾನ್ಫಿಗ್’ ಎಂಬ ಯೋಜನೆ ಒಂದು ಹೆಜ್ಜೆ ಮುಂದಿದೆ. ಕನ್ನಡ ಗಣಕ ಪರಿಷತ್ತಿನ ಹೆಸರನ್ನು ಹೊತ್ತ ‘ಕಗಪ’ ವಿನ್ಯಾಸವೂ ಸೇರಿದಂತೆ ಎಲ್ಲ ಕೀಲಿಮಣೆಗಳ ವಿವರ ಅಲ್ಲಿ ಒಂದು ಮೂಲ ಕಡತದಲ್ಲಿದೆ; ಸರಳ ಪಟ್ಟಿಯೂ ಕೈಪಿಡಿಯ ಪುಟವೂ ಅದರಿಂದಲೇ ತಯಾರಾಗುತ್ತವೆ.

೩

ಪಟ್ಟಿಯ ಸುಸಂಗತತೆಗೆ ಮತ್ತೊಂದು ತೊಡಕು ಹೆಸರುಗಳದು. ಕ್ಯಾನನ್ ಸಂಸ್ಥೆಯ ಕ್ಯಾನೋಸ್ಕ್ಯಾನ್ ಎನ್ ೬೭೦ಯು, ಎನ್ ೬೭೬ಯು, ಲೈಡ್ ೨೦ ಎಂಬ ಮೂರು ಹೆಸರುಗಳಿಗೂ ಯುಎಸ್‌ಬಿ ಗುರುತುಸಂಖ್ಯೆ ಒಂದೇ. ಗಣಕದ ಕಣ್ಣಿಗೆ ಇವು ಮೂರಲ್ಲ, ಒಂದು. ಅಂಗಡಿಯಲ್ಲಿ ನಿಂತ ಗ್ರಾಹಕನ ಕಣ್ಣಿಗೆ ಮೂರು. ಇದಕ್ಕೆ ವಿರುದ್ಧವಾದ ಸನ್ನಿವೇಶ ಇನ್ನೂ ಕಷ್ಟದ್ದು: ಪೆಟ್ಟಿಗೆಯ ಮೇಲಿನ ಹೆಸರು ಅದೇ ಉಳಿದು ಒಳಗಿನ ಚಿಪ್ ಬದಲಾಗಿರಬಹುದು. ಆಗ ಒಂದು ಊರಿನಲ್ಲಿ ನಡೆದ ಯಂತ್ರ ಇನ್ನೊಂದು ಊರಿನಲ್ಲಿ ನಡೆಯದು. ಇಬ್ಬರು ಪ್ರಾಮಾಣಿಕ ಸಾಕ್ಷಿಗಳು ಪರಸ್ಪರ ವಿರುದ್ಧವಾದ ಹೇಳಿಕೆ ಕೊಡುತ್ತಾರೆ. ಡೆಸ್ಕ್ ಕಡತಗಳು ಹೆಸರಿನ ಜೊತೆಗೆ ಗುರುತುಸಂಖ್ಯೆಯನ್ನೂ ಕೇಳುವುದು ಈ ಕಾರಣದಿಂದ. ಒಂದೇ ಕಾವ್ಯಕ್ಕೆ ಹಲವು ಹೆಸರುಗಳೂ ಒಂದೇ ಹೆಸರಿನ ಹಲವು ಕಾವ್ಯಗಳೂ ಇರುವ ಸಾಹಿತ್ಯದಲ್ಲಿ ಓಲೆಕಟ್ಟಿನ ಸಂಖ್ಯೆಗೆ ಯಾವ ಬೆಲೆಯಿದೆಯೋ ಇಲ್ಲಿ ಈ ಸಂಖ್ಯೆಗೆ ಆ ಬೆಲೆ.

ಸಂಖ್ಯೆಯೊಂದೇ ಸಾಲದು ಎಂಬುದಕ್ಕೆ ಮೈಸೂರಿನಲ್ಲಿಯೇ ನಡೆದ ಒಂದು ದೊಡ್ಡ ಸಂಪಾದನಾಕಾರ್ಯ ಸಾಕ್ಷಿ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ ಶ್ರವಣಬೆಳಗೊಳ ಸಂಪುಟ ೧೮೮೯ರಲ್ಲಿ ಪ್ರಕಟವಾದಾಗ ಅದರಲ್ಲಿದ್ದುದು ೧೪೪ ಶಾಸನಗಳು. ಆರ್. ನರಸಿಂಹಾಚಾರ್ಯರು ಪರಿಷ್ಕರಿಸಿದ ೧೯೨೩ರ ಆವೃತ್ತಿಯಲ್ಲಿ ಅವು ೫೦೦ ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಮಾಲೆಯನ್ನು ೧೯೭೨ರಲ್ಲಿ ಆರಂಭಿಸಿ, ಮರುವರ್ಷ ಹೊರತಂದ ಇದೇ ಸಂಪುಟದಲ್ಲಿ ೫೭೩ ಶಾಸನಗಳಿವೆ. ಶಾಸನಗಳ ಸಂಖ್ಯಾಕ್ರಮ ಆವೃತ್ತಿಯಿಂದ ಆವೃತ್ತಿಗೆ ಬೇರೆಯಾದುದರಿಂದ, ಆವೃತ್ತಿಯನ್ನು ಸೂಚಿಸದೆ ‘ಶ್ರವಣಬೆಳಗೊಳ ಇಂತಿಷ್ಟನೆಯ ಶಾಸನ’ ಎಂದು ಬರೆದ ಉಲ್ಲೇಖ ಓದುಗನನ್ನು ಬೇರೊಂದು ಬಂಡೆಯ ಮುಂದೆ ನಿಲ್ಲಿಸುವುದು ಸಾಧ್ಯ. ಸಂಶೋಧನ ಪ್ರಬಂಧಗಳ ಅಡಿಟಿಪ್ಪಣಿಗಳನ್ನು ತಾಳೆ ನೋಡಿದವರಿಗೆ ಈ ಕಷ್ಟ ಗೊತ್ತು.

ತಂತ್ರಾಂಶದಲ್ಲಿ ಆವೃತ್ತಿಯ ಪ್ರಶ್ನೆ ಇಷ್ಟೇ ಗಂಭೀರವಾದುದು. ಸೇನ್ ಯೋಜನೆಯು ಬಿಡುಗಡೆಯಾದ ಆವೃತ್ತಿಗೆ ಒಂದು ಪಟ್ಟಿಯನ್ನೂ ಅಭಿವೃದ್ಧಿಯ ಹಂತದಲ್ಲಿರುವುದಕ್ಕೆ ಇನ್ನೊಂದನ್ನೂ ಬೇರೆಬೇರೆಯಾಗಿ ಇಡುತ್ತದೆ. ಬಳಕೆದಾರನ ಗಣಕದಲ್ಲಿರುವುದು ಬಹುಸಲ ಇವೆರಡೂ ಅಲ್ಲ. ಡೆಬಿಯನ್, ಉಬುಂಟು ಮೊದಲಾದ ವಿತರಣೆಗಳು ತಮ್ಮ ಬಿಡುಗಡೆಯ ಕಾಲಕ್ಕೆ ಸಿಕ್ಕ ಆವೃತ್ತಿಯನ್ನು ವರ್ಷಗಟ್ಟಲೆ ಹಾಗೆಯೇ ಇಟ್ಟುಕೊಂಡಿರುತ್ತವೆ. ನಿದರ್ಶನಕ್ಕೆ, ಜಾಲದ ಮೂಲಕ ಪ್ರತ್ಯೇಕ ಚಾಲಕವಿಲ್ಲದೆ ಸ್ಕ್ಯಾನ್ ಮಾಡಲು ನೆರವಾಗುವ ‘ಇಎಸ್‌ಸಿಎಲ್’ ಘಟಕವು ೧.೦.೨೯ನೆಯ ಆವೃತ್ತಿಯಲ್ಲಿ, ೨೦೨೦ರಲ್ಲಿ ಸೇರಿತು. ಅದಕ್ಕಿಂತ ಹಳೆಯ ಆವೃತ್ತಿಯಿರುವ ಗಣಕದ ಮುಂದೆ ಕುಳಿತು ಹೊಸ ಪಟ್ಟಿಯನ್ನು ಓದುವವನಿಗೆ ಪಟ್ಟಿ ಸುಳ್ಳೆನಿಸುತ್ತದೆ. ಪಟ್ಟಿ ಸುಳ್ಳಲ್ಲ, ಅದು ಬೇರೊಂದು ಗ್ರಂಥದ ಟೀಕೆ. ಹಳೆಯ ಮುದ್ರಿತ ಪುಸ್ತಕಗಳಲ್ಲಿ, ಹಂಚಿದ ಪ್ರತಿಗಳಲ್ಲಿ, ಯಾರೋ ಸಿದ್ಧಪಡಿಸಿ ಕಳುಹಿಸಿದ ಕೋಷ್ಟಕಗಳಲ್ಲಿ ದಿನಾಂಕವಿಲ್ಲದೆ ಉಳಿದ ‘ನಡೆಯುತ್ತದೆ’ ಎಂಬ ಮಾತಿಗೆ ಇದರಿಂದಾಗಿಯೇ ಬೆಲೆ ಕಡಿಮೆ. ಯೋಜನೆಯ ಮನೆಯೇ ಬದಲಾದ ಸಂದರ್ಭವೂ ಉಂಟು: ೨೦೧೮ರಲ್ಲಿ ಡೆಬಿಯನ್ನಿನ ‘ಅಲಿಯೋಥ್’ ಸೇವೆ ನಿಂತಾಗ ಸೇನ್ ಅಲ್ಲಿಂದ ‘ಗಿಟ್‌ಲ್ಯಾಬ್’ಗೆ ಸ್ಥಳಾಂತರಗೊಂಡಿತು. ಹಳೆಯ ವಿಳಾಸವನ್ನು ನೆಚ್ಚಿದ ಎಷ್ಟೋ ಕೈಪಿಡಿಗಳು ಅಂದಿನಿಂದ ದಾರಿತಪ್ಪಿಸುವ ದಾಖಲೆಗಳಾದವು.

೪

ಕನ್ನಡ ವಿಭಾಗಗಳಿಗೆ ಹೆಚ್ಚು ಹತ್ತಿರವಾದ ಪ್ರಶ್ನೆ ಭಾಷೆಯದು. ಸೇನ್ ತನ್ನ ಪಟ್ಟಿಯಲ್ಲಿ ಬೆಂಬಲದ ಮಟ್ಟವನ್ನು ಸೂಚಿಸಲು ಆರು ಪಾರಿಭಾಷಿಕ ಪದಗಳನ್ನು ಬಳಸುತ್ತದೆ: ‘ಕಂಪ್ಲೀಟ್’, ‘ಗುಡ್’, ‘ಬೇಸಿಕ್’, ‘ಮಿನಿಮಲ್’, ‘ಅನ್‌ಟೆಸ್ಟೆಡ್’, ‘ಅನ್‌ಸಪೋರ್ಟೆಡ್’. ಇವು ಹೊಗಳಿಕೆ ತೆಗಳಿಕೆಯ ಮಾತುಗಳಲ್ಲ, ಪ್ರತಿಯೊಂದಕ್ಕೂ ನಿಶ್ಚಿತಾರ್ಥವಿದೆ. ಯಂತ್ರವು ಮಾಡಬಲ್ಲುದೆಲ್ಲವನ್ನೂ ತಂತ್ರಾಂಶ ಮಾಡಿಸಿದರೆ ಮೊದಲನೆಯದು. ದಿನಬಳಕೆಗೆ ಸಾಕಾಗಿ, ಅಪರೂಪದ ಕೆಲವು ಸೌಲಭ್ಯಗಳಷ್ಟೇ ಇಲ್ಲದಿದ್ದರೆ ಎರಡನೆಯದು. ಮುಖ್ಯ ವಿಧಾನಗಳಲ್ಲಿ ಕೆಲಸಮಾಡಿದರೂ ಗುಣಮಟ್ಟದಲ್ಲಿ ಕೊರತೆಯಿದ್ದರೆ ಮೂರನೆಯದು. ಯಂತ್ರ ಗುರುತಿಸಲ್ಪಟ್ಟು ಯಾವುದಾದರೂ ಒಂದು ವಿಧಾನದಲ್ಲಿ ಹೇಗೋ ಚಿತ್ರ ತೆಗೆದರೆ ನಾಲ್ಕನೆಯದು. ನಡೆಯಬಹುದು, ಆದರೆ ಯಾರೂ ನಡೆಸಿ ನೋಡಿಲ್ಲ ಎಂಬುದು ಐದನೆಯದು. ಬೆಂಬಲವಿಲ್ಲ ಎಂಬುದು ಆರನೆಯದು.

ಇವನ್ನು ಕನ್ನಡಿಸುವಾಗ ‘ಬೇಸಿಕ್’ ಮತ್ತು ‘ಮಿನಿಮಲ್’ ಎಂಬವೆರಡೂ ‘ಕನಿಷ್ಠ’ ಎಂಬ ಒಂದೇ ಪದದಲ್ಲಿ ಕರಗಿಹೋಗುವ ಸಂಭವ ಹೆಚ್ಚು. ಒಬ್ಬ ಅನುವಾದಕ ‘ಮೂಲಭೂತ’ ಎಂದೂ ಇನ್ನೊಬ್ಬ ‘ಪ್ರಾಥಮಿಕ’ ಎಂದೂ ಬರೆದರೆ ಒಂದು ಮಟ್ಟ ಎರಡಾಗಿ ತೋರುತ್ತದೆ. ಅರ್ಥದಲ್ಲಿ ಎರಡೂ ಸರಿಯೇ. ಆದರೆ ಪಟ್ಟಿಯ ಓದುಗನು ಪದದ ಸೊಗಸನ್ನಲ್ಲ, ಪದಪದಗಳ ನಡುವಿನ ಅಂತರವನ್ನು ಓದುತ್ತಾನೆ. ‘ಮುಖ್ಯಾಂಶಗಳಲ್ಲಿ ಬೆಂಬಲ’, ‘ಅತ್ಯಲ್ಪ ಬೆಂಬಲ’ ಎಂಬಂತಹ ಎರಡು ರೂಪಗಳನ್ನು ಒಮ್ಮೆ ನಿಶ್ಚಯಿಸಿ ಎಲ್ಲ ಕಡೆಯೂ ಅವನ್ನೇ ಉಳಿಸಿಕೊಳ್ಳುವುದು ಲೇಸು. ಇನ್ನೂ ಅಪಾಯಕಾರಿಯಾದುದು ಐದು ಮತ್ತು ಆರರ ಗೊಂದಲ. ‘ಅನ್‌ಟೆಸ್ಟೆಡ್’ ಎಂಬುದನ್ನು ‘ಖಚಿತವಾದ ಬೆಂಬಲವಿಲ್ಲ’ ಎಂದು ಅನುವಾದಿಸಿದರೆ, ಪರೀಕ್ಷಿಸಬಹುದಾದ ಯಂತ್ರವನ್ನು ಯಾರೂ ಪರೀಕ್ಷಿಸದೆ ಬಿಡುತ್ತಾರೆ. ‘ಬೆಂಬಲ ಇರಬಹುದು’ ಎಂದು ಅನುವಾದಿಸಿದರೆ ಓಲೆಯನ್ನೇ ಇಟ್ಟು ಪರೀಕ್ಷೆಗೆ ತೊಡಗುವ ಸಾಹಸಿಗಳೂ ಹುಟ್ಟಿಕೊಳ್ಳುತ್ತಾರೆ. ಯಂತ್ರವು ಅಸಹಜವಾದ ಸದ್ದು ಮಾಡಿದರೆ ಕೂಡಲೇ ಸಂಪರ್ಕ ಕೀಳಬೇಕೆಂದು ಸೇನ್‌ನ ಹಲವು ಕೈಪಿಡಿ ಪುಟಗಳು ಎಚ್ಚರಿಸುತ್ತವೆ. ‘ಪರೀಕ್ಷೆಯಾಗಿಲ್ಲ’ ಎಂಬ ಸರಳ ಕನ್ನಡವೇ ಇಲ್ಲಿ ಉಚಿತ.

ಕನ್ನಡದಲ್ಲಿ ಹೊಂದಾಣಿಕೆಯ ಕೈಪಿಡಿ ಬರೆಯಬೇಕೆಂಬ ಅಪೇಕ್ಷೆ ಸಹಜವಾದುದು, ಸ್ವಾಗತಾರ್ಹವಾದುದು. ಆದರೆ ಇಂಗ್ಲಿಷಿನ ಪಟ್ಟಿಯನ್ನು ಇಡಿಯಾಗಿ ಕನ್ನಡಕ್ಕೆ ಬರೆದಿಟ್ಟರೆ ಆ ಕ್ಷಣದಿಂದಲೇ ಐದನೆಯ ಪ್ರತಿಯೊಂದು ಹುಟ್ಟಿಕೊಂಡಂತೆ. ಮೂಲ ಬೆಳೆಯುತ್ತ ಹೋಗುತ್ತದೆ, ಕನ್ನಡದ ಪ್ರತಿ ಬರೆದ ದಿನದಲ್ಲಿಯೇ ನಿಲ್ಲುತ್ತದೆ. ಒಳ್ಳೆಯ ಉದ್ದೇಶದ ಕೆಲಸವು ಮೂರು ವರ್ಷಗಳಲ್ಲಿ ಪ್ರಮಾದದ ಆಕರವಾಗುವ ಬಗೆ ಇದು. ಮಾದರಿಯ ಹೆಸರು, ಗುರುತುಸಂಖ್ಯೆ, ಮಟ್ಟ ಇವು ಮೂಲ ಕಡತದಲ್ಲಿಯೇ ಇರಬೇಕು. ಕನ್ನಡವಾಗಬೇಕಾದುದು ಶೀರ್ಷಿಕೆಗಳು, ಆರು ಪಾರಿಭಾಷಿಕಗಳು, ಅವುಗಳ ವಿವರಣೆ, ಎಚ್ಚರಿಕೆಯ ವಾಕ್ಯಗಳು. ಪಟ್ಟಿಯನ್ನು ಹೊರಡಿಸುವಾಗ ತಂತ್ರಾಂಶವೇ ಇವೆರಡನ್ನೂ ಕೂಡಿಸಬೇಕು.

ಮುಕ್ತ ತಂತ್ರಾಂಶಗಳ ಅನುವಾದದಲ್ಲಿ ಬಳಕೆಯಲ್ಲಿರುವ ‘ಗೆಟ್‌ಟೆಕ್ಸ್ಟ್’ ಪದ್ಧತಿಯಲ್ಲಿ ಇದಕ್ಕೆ ಹೊಂದುವ ಒಂದು ವಿವೇಕವಿದೆ. ಮೂಲವಾಕ್ಯ ಬದಲಾದಾಗ ಅದರ ಹಳೆಯ ಅನುವಾದವನ್ನು ಅದು ಅಳಿಸಿಹಾಕುವುದಿಲ್ಲ, ‘ಅಸ್ಪಷ್ಟ’ ಎಂದು ಗುರುತುಹಾಕಿ ಬದಿಗಿಡುತ್ತದೆ. ಅನುವಾದಕನು ಮತ್ತೆ ನೋಡಿ ಒಪ್ಪುವವರೆಗೆ ಬಳಕೆದಾರನಿಗೆ ಕಾಣುವುದು ಮೂಲವಾಕ್ಯವೇ. ಹಳತಾದ ಕನ್ನಡಕ್ಕಿಂತ ಸರಿಯಾದ ಇಂಗ್ಲಿಷ್ ಮೇಲು ಎಂಬ ಈ ನಿಲುವು ಕನ್ನಡಾಭಿಮಾನಿಗಳಿಗೆ ಮೊದಲ ನೋಟಕ್ಕೆ ಕಹಿಯೆನಿಸಬಹುದು. ಸಂದೇಹವಿರುವ ಪಾಠವನ್ನು ಚಿಹ್ನೆಯಿಲ್ಲದೆ ಮುದ್ರಿಸಬಾರದೆಂಬ ಸಂಪಾದಕರ ನಿಯಮವೂ ಇದೇ ಅಲ್ಲವೇ?

ಪಟ್ಟಿ ಹೇಳಲಾರದ ಸಂಗತಿಯೊಂದನ್ನೂ ಇಲ್ಲಿ ಗಮನಿಸಬೇಕು. ‘ಕಂಪ್ಲೀಟ್’ ಎಂಬ ಮಟ್ಟ ತಂತ್ರಾಂಶಕ್ಕೂ ಯಂತ್ರಕ್ಕೂ ಇರುವ ಸಂಬಂಧವನ್ನು ಹೇಳುತ್ತದೆಯೇ ಹೊರತು ಯಂತ್ರಕ್ಕೂ ಹಸ್ತಪ್ರತಿಗೂ ಇರುವ ಸಂಬಂಧವನ್ನಲ್ಲ. ಲೈಡ್ ಮಾದರಿಯ ತೆಳುವಾದ ಸ್ಕ್ಯಾನರುಗಳಲ್ಲಿರುವುದು ಕಾಗದಕ್ಕೆ ಅಂಟಿಕೊಂಡಂತೆ ಚಿತ್ರ ಹಿಡಿಯುವ ಸಂವೇದಕ. ಗಾಜಿಗೆ ಚಪ್ಪಟೆಯಾಗಿ ಕೂಡುವ ಮುದ್ರಿತ ಪುಟಕ್ಕೆ ಅದು ಚೆನ್ನಾಗಿ ಒಪ್ಪುತ್ತದೆ. ಬಾಗಿದ ಓಲೆಯ ಅಂಚು ಗಾಜಿನಿಂದ ಸ್ವಲ್ಪ ಮೇಲೆದ್ದರೂ ಅಕ್ಷರಗಳು ಮಸುಕಾಗುತ್ತವೆ. ಮಸೂರ ಮತ್ತು ಕನ್ನಡಿಗಳನ್ನುಳ್ಳ ‘ಸಿಸಿಡಿ’ ಸಂವೇದಕದ ಯಂತ್ರಗಳು ಈ ಏರುತಗ್ಗನ್ನು ಹೆಚ್ಚು ಸಹಿಸುತ್ತವೆ. ಓಲೆಯನ್ನು ಒತ್ತಿ ಚಪ್ಪಟೆ ಮಾಡುವುದಂತೂ ಸಲ್ಲದು. ಅದಕ್ಕೆ ಮೇಲಿನಿಂದ ತೆಗೆಯುವ ಕ್ಯಾಮೆರಾವೇ ತಕ್ಕುದು. ಡೆಸ್ಕ್ ಕಡತದಲ್ಲಿ ಟಿಪ್ಪಣಿಗೆ ಒಂದು ಸ್ಥಾನವಿದ್ದರೂ ಇಂತಹ ಉಪಯೋಗದ ವಿವರ ಅಲ್ಲಿ ಬರುವುದು ವಿರಳ, ಏಕೆಂದರೆ ಅದನ್ನು ತುಂಬುವವರ ಮುಂದೆ ಓಲೆಗರಿ ಇರುವುದಿಲ್ಲ.

ನಿಷೇಧರೂಪದ ಸಾಕ್ಷ್ಯಕ್ಕೆ ಸೇನ್ ಕೊಟ್ಟಿರುವ ಸ್ಥಾನ ಅನುಕರಣೀಯ. ನಡೆಯದ ಯಂತ್ರಗಳಿಗಾಗಿಯೇ ಅಲ್ಲೊಂದು ಪ್ರತ್ಯೇಕ ಡೆಸ್ಕ್ ಕಡತವಿದೆ. ಪಟ್ಟಿಯಲ್ಲಿ ಹೆಸರಿಲ್ಲದ ಯಂತ್ರ ನಡೆಯದೆಂದೂ ಹೇಳಲಾಗದು, ಯಾರೂ ನೋಡಿಲ್ಲವೆಂದೂ ಹೇಳಲಾಗದು. ‘ನಡೆಯುವುದಿಲ್ಲ’ ಎಂದು ಬರೆದಿಟ್ಟ ಸಾಲು ಮಾತ್ರ ಈ ಮೌನವನ್ನು ಮುರಿಯುತ್ತದೆ. ಮೈಸೂರಿನ ಒಂದು ವಿಭಾಗದಲ್ಲಿ ಕಪಾಟಿನೊಳಗೆ ಸುಮ್ಮನೆ ಕುಳಿತ ಸ್ಕ್ಯಾನರ್ ಇದ್ದರೆ ಅದಕ್ಕೂ ಹೇಳಬೇಕಾದ ಮಾತೊಂದಿದೆ. ಅದನ್ನು ಜೋಡಿಸಿ ಗುರುತುಸಂಖ್ಯೆಯನ್ನು ಗಣಕದಿಂದಲೇ ಓದಿ, ಪೆಟ್ಟಿಗೆಯ ಮೇಲಿನ ಹೆಸರನ್ನು ಇದ್ದಂತೆಯೇ ಬರೆದು, ವಿತರಣೆಯ ಹೆಸರು, ಸೇನ್ ಆವೃತ್ತಿ, ದಿನಾಂಕ, ಯಾವ ವಿಧಾನದಲ್ಲಿ ಎಷ್ಟು ಸಾಂದ್ರತೆಯಲ್ಲಿ ಏನಾಯಿತು ಎಂಬುದನ್ನು ದಾಖಲಿಸಿ ಯೋಜನೆಗೆ ಕಳುಹಿಸಲು ಒಂದು ಮಧ್ಯಾಹ್ನ ಸಾಕು. ಪರೀಕ್ಷೆಗೆ ಇಡಬೇಕಾದುದು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು, ಓಲೆಯನ್ನಲ್ಲ.